ಸಮುದ್ರದ ಬುಟ್ಟಿ, ಗುಡ್ಡದ ಬುಟ್ಟಿ

ದೀಪಾವಳಿ ಮುಗಿದ ವಾರ ಕಾಲೇಜಿನಿಂದ ಫೋನ್ ಬಂತು. ಬ್ಯಾಂಕಿನಲ್ಲಿ ಕ್ಯಾಶ್ ತಾಳೆ ನೋಡುವ ಹೊತ್ತು. ಆದರೂ ತೆಗೆದೆ.

"ಸರ್, ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿಗೆ ಮಾಡು ಹಾಕಿಸಿದ್ದೇವೆ. ಪಶ್ಚಿಮದ ಕಡೆಗೆ ನೆಲದವರೆಗೂ ಶೀಟು ಬಂದಿದೆ. ಇನ್ನು ಮಳೆಗಾಲದಲ್ಲೂ ಆಡಬಹುದು. ನೀವು ಹಳೆಯ ಆಟಗಾರರಲ್ವಾ, ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ" ಅಂದರು ಒಬ್ಬ ಮೇಡಂ.

"ಹಾಗಾದ್ರೆ ಗಾಳಿ?" ಅಂದೆ.

"ಗಾಳಿ ಎಂತದು ಸರ್?"

ಕೌಂಟರಿನ ಆಚೆ ಜನ ನಿಂತಿದ್ದರು. ಆಮೇಲೆ ಮಾಡುತ್ತೇನೆ ಅಂತ ಇಟ್ಟುಬಿಟ್ಟೆ. ಅವತ್ತು ಅವರಿಗೆ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಮ್ಯಾಗಜಿನ್ ಅನ್ನುವುದು ನಿಮ್ಮ ಮಾತು. ನಮ್ಮ ಕಾಲದಲ್ಲಿ ಇದನ್ನು ಮಿಸಲೇನಿ ಅನ್ನುತ್ತಿದ್ದೆವು. ಅದರಲ್ಲಿ ನನ್ನದೂ ಒಂದು ಕವಿತೆ ಬಂದಿತ್ತು, ಕಡಲನ್ನು ತಾಯಿ ಅಂತ ಕರೆದಿದ್ದೆ. ಲೈಬ್ರರಿಯಲ್ಲಿ ಆ ಸಂಚಿಕೆ ಇದ್ದರೆ ದಯವಿಟ್ಟು ಯಾರೂ ಹುಡುಕಬೇಡಿ.

ನಾನು ಘಟ್ಟದ ಮೇಲಿನವ. ಶಿರಸಿ ಹತ್ತಿರದ ಹಳ್ಳಿ, ಮನೆಯ ಸುತ್ತ ಅಡಿಕೆ ತೋಟ. ಶಿರಸಿಯಲ್ಲೇ ಕಾಲೇಜಿದ್ದರೂ ಕಾರವಾರಕ್ಕೆ ಹೋದೆ. ಯಾಕೆಂದರೆ ಸೋದರಮಾವ ಅಲ್ಲಿ ಸರ್ಕಾರಿ ನೌಕರಿಯಲ್ಲಿದ್ದ. ಕಾಜುಬಾಗದಲ್ಲಿ ಬಾಡಿಗೆ ಮನೆ. "ಮಾಣಿ ನಮ್ಮನೇಲಿ ಇರ್ಲಿ" ಅಂದ. 1994ರ ಜೂನಿನಲ್ಲಿ ಒಂದು ಟ್ರಂಕು, ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ಹಿಡಿದುಕೊಂಡು ದೇವಿಮನೆ ಘಟ್ಟ ಇಳಿದೆ. ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗ ಮಳೆ ಎಷ್ಟಿತ್ತೆಂದರೆ, ಬಸ್ಸಿನ ಕಿಟಕಿಯಲ್ಲಿ ಎಲ್ಲಿ ಸಮುದ್ರ ಮುಗಿದು ಎಲ್ಲಿ ಆಕಾಶ ಶುರುವಾಯಿತೋ ತಿಳಿಯಲಿಲ್ಲ. ಊರೊಳಗೆ ಕಾಲಿಟ್ಟಾಗ ಮೂಗಿಗೆ ಮೊದಲು ಬಡಿದದ್ದು ಒಣಮೀನಿನ ವಾಸನೆ. ಮೂರು ವರ್ಷ ಮುಗಿಯುವ ಹೊತ್ತಿಗೆ ಬಾಂಗಡೆಯೋ ತಾರ್ಲಿಯೋ ಅಂತ ಬೀದಿಯ ಈ ತುದಿಯಿಂದಲೇ ಹೇಳುವಷ್ಟು ಪಳಗಿದ್ದೆ. ತಿನ್ನಲು ಮಾತ್ರ ಕಲಿಯಲಿಲ್ಲ.

ಅಡ್ಮಿಷನ್ ಸಾಲಿನಲ್ಲಿ ನಿಂತಾಗ ಸೀಟಿ ಕೊರಳಿಗೆ ಹಾಕಿಕೊಂಡ ಒಬ್ಬರು ಬಂದು ನನ್ನ ಮುಂದೆ ನಿಂತರು. ಫಿಜಿಕಲ್ ಡೈರೆಕ್ಟರು. ನಾವೆಲ್ಲ ಪಿ.ಡಿ. ಸರ್ ಅನ್ನುತ್ತಿದ್ದೆವು.

"ಏ ತಮ್ಮಾ, ಎಷ್ಟು ಎತ್ತರ ನೀನು?"

"ಆರಡಿ ಒಂದಿಂಚು ಸರ್."

"ಬಾಸ್ಕೆಟ್‌ಬಾಲ್ ಆಡ್ತೀಯಾ?"

"ಇಲ್ಲ ಸರ್. ಊರಲ್ಲಿ ವಾಲಿಬಾಲ್ ಆಡ್ತೆ."

"ಇನ್ನು ಆಡ್ತೀಯ" ಅಂದು ಪುಸ್ತಕದಲ್ಲಿ ಹೆಸರು ಬರೆದುಕೊಂಡೇ ಬಿಟ್ಟರು. ಕೋರ್ಟ್ ಎಲ್ಲಿದೆ ಅಂತ ನೋಡಲು ಹೋದೆ. ಕಾಣಿಸಿದ್ದು ಒಂದು ಕೆರೆ. ಅದರ ಎರಡೂ ತುದಿಗೆ ಒಂದೊಂದು ಕಂಬ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಸುರಿದುಹೋಗುತ್ತದೆ. ಆ ನಾಲ್ಕು ತಿಂಗಳು ನಮ್ಮ ಕೋರ್ಟ್ ಪಾಚಿಯದ್ದು. ಅಂಗೈ ದಪ್ಪ ಹಸಿರು. ಕಾಲಿಟ್ಟರೆ ನೇರ ಎದುರಿನ ಕಂಬದ ಬುಡಕ್ಕೆ. ಆಗ ಚೆಂಡು ಹಿಡಿದು ಕಾಮರ್ಸ್ ಬ್ಲಾಕಿನ ವರಾಂಡದಲ್ಲಿ ಡ್ರಿಬಲ್ ಮಾಡುತ್ತಿದ್ದೆವು. ಒಳಗೆ ಪಾಠ ಮಾಡುವವರು ಹೊರಗೆ ಬಂದು ನೋಡಿದರೆ ಚೆಂಡನ್ನು ಅಂಗಿಯೊಳಗೆ ತೂರಿಸಿಕೊಂಡು ಗೋಡೆ ಕಡೆ ತಿರುಗಿ ನಿಲ್ಲುವುದು. ಏಳನೇ ನಂಬರಿನ ಚೆಂಡಿನ ಸುತ್ತಳತೆ ಸುಮಾರು 75 ಸೆಂಟಿಮೀಟರ್. ಅದನ್ನು ಅಂಗಿಯೊಳಗೆ ಅಡಗಿಸುತ್ತೇವೆ ಅಂದುಕೊಂಡಿದ್ದ ನಮ್ಮ ಬುದ್ಧಿಗೆ ಏನು ಹೇಳಬೇಕೋ.

ನವರಾತ್ರಿ ಸುಮಾರಿಗೆ ಬಿಸಿಲು ಬೀಳುತ್ತಿತ್ತು. ಪಾಚಿ ಕೆರೆಯುವುದು ಹೊಸ ಹುಡುಗರ ಕೆಲಸ. ಬ್ಲೀಚಿಂಗ್ ಪುಡಿ ಚೆಲ್ಲಿ, ತೆಂಗಿನ ಕಡ್ಡಿಯ ಪೊರಕೆಯಲ್ಲಿ ಮೂರು ದಿನ ತಿಕ್ಕಿದರೆ ಕಾಂಕ್ರೀಟು ಕಾಣಿಸುತ್ತಿತ್ತು. ಆಮೇಲೆ ಗೆರೆ ಎಳೆಯುವ ಸಂಭ್ರಮ. ಉದ್ದ 28 ಮೀಟರ್, ಅಗಲ 15. ಬುಟ್ಟಿಯ ಮುಂದಿನ ಅಂಕಣ ಈಗಿನ ಹಾಗೆ ಆಯತ ಅಲ್ಲ. ಬುಡದಲ್ಲಿ 6 ಮೀಟರ್ ಇದ್ದು, ಫ್ರೀ ಥ್ರೋ ಗೆರೆಯ (ಎದುರಿನವರು ತಪ್ಪು ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಚೆಂಡು ಹಾಕುವ ಗೆರೆ) ಹತ್ತಿರ 3.6ಕ್ಕೆ ಇಳಿಯುವ, ಲಂಗದಂಥ ಆಕಾರ. 2010ರಲ್ಲಿ ಅದನ್ನು ಬದಲಾಯಿಸಿದರು. ಮೂರು ಅಂಕದ ಗೆರೆಯೂ ಆಗ 6.25 ಮೀಟರಿಗೆ ಇತ್ತು, ಈಗ 6.75 ಆಗಿದೆ. ಈ ಕಮಾನು ಎಳೆಯಲು ನಮ್ಮ ಹತ್ತಿರ ಇದ್ದದ್ದು ಒಂದು ಕತ್ತದ ಹಗ್ಗ, ಒಂದು ಮೊಳೆ. ನನ್ನ ಮೊದಲ ವರ್ಷ ಒಂದು ಕಡೆಯ ಕಮಾನು ಎಳೆದು ಮುಗಿಯುವಷ್ಟರಲ್ಲಿ ಸಣ್ಣ ಮಳೆ ಬಂತು. ನೆಂದ ಹಗ್ಗದಲ್ಲೇ ಇನ್ನೊಂದು ಕಡೆಯದನ್ನೂ ಎಳೆದೆವು. ಜಗ್ಗಿದ ಹಾಗೆಲ್ಲ ಹಗ್ಗ ಹಿಗ್ಗುತ್ತಾ ಹೋಯಿತು. ಆ ವರ್ಷ ಪೂರ್ವದ ಬುಟ್ಟಿಗೆ ಮೂರು ಅಂಕ ಹಾಕುವವನು ಒಂದು ಗೇಣು ದೂರದಿಂದ ಹಾಕಬೇಕಾಯಿತು. ಬಣ್ಣಕ್ಕೆ ಜಿಮಖಾನಾ ದುಡ್ಡು ಖರ್ಚಾಗಿತ್ತು, ಮತ್ತೆ ಕೊಡುವವರಿಲ್ಲ. ಹಾಗೇ ಆಡಿದೆವು.

ಸ್ಟೇಡಿಯಂ ಅಂತ ನಾವು ಕರೆಯುತ್ತಿದ್ದದ್ದು ಉತ್ತರದ ಬದಿಯ ಐದು ಕೆಂಪು ಚಿರೇಕಲ್ಲಿನ ಮೆಟ್ಟಿಲುಗಳನ್ನು. ದಿಬ್ಬ ಕುಸಿಯದಿರಲಿ ಅಂತ ಯಾವಾಗಲೋ ಕಟ್ಟಿದ್ದಂತೆ. ಒತ್ತಿ ಕೂತರೆ ಇನ್ನೂರು ಜನ ಹಿಡಿಯುತ್ತಿತ್ತು. ಮೇಲಿನ ಮೆಟ್ಟಿಲು ಹುಡುಗಿಯರದು, ಅಲ್ಲಿ ಗೋಳಿಮರದ ನೆರಳಿತ್ತು. ಬಿಳಿ ಪ್ಯಾಂಟ್ ಹಾಕಿಕೊಂಡು ಕೂತವರು ಹಿಂದೆ ಕೆಂಪು ಮಾಡಿಕೊಂಡೇ ಏಳುತ್ತಿದ್ದರು. ಮಧ್ಯಾಹ್ನದ ಮೇಲೆ ಎಷ್ಟು ಜನ ಕ್ಲಾಸಿಗೆ ಚಕ್ಕರ್ ಹೊಡೆದು ಮೆಟ್ಟಿಲ ಮೇಲೆ ಕೂತಿದ್ದರು ಅಂತ ಪ್ಯಾಂಟ್ ನೋಡಿಯೇ ಲೆಕ್ಕ ಸಿಗುತ್ತಿತ್ತು.

ಇನ್ನು ರಿಂಗು. ಉಪ್ಪುಗಾಳಿಯ ಊರಲ್ಲಿ ಕಬ್ಬಿಣ ಎಷ್ಟು ದಿನ ಬಾಳುತ್ತದೆ? ರೆಡ್ ಆಕ್ಸೈಡ್ ಹಚ್ಚಿದರೂ ಜನವರಿಯ ಹೊತ್ತಿಗೆ ಹಪ್ಪಳ ಏಳುತ್ತಿತ್ತು. ಬಲೆ ಇನ್ನೂ ಕಷ್ಟ. ಹುಬ್ಬಳ್ಳಿಯಿಂದ ತರಿಸಿದ ಹತ್ತಿಯ ಬಲೆ ಮೂರೇ ತಿಂಗಳಲ್ಲಿ ಎಳೆಎಳೆಯಾಗಿ ಬಿತ್ತು. ಬಲೆ ಇಲ್ಲದ ರಿಂಗಿನಲ್ಲಿ ಆಡಿದವರಿಗೆ ಗೊತ್ತು, ಚೆಂಡು ಒಳಗೆ ಹೋಯಿತಾ ಪಕ್ಕದಲ್ಲಿ ಹೋಯಿತಾ ಅನ್ನುವುದು ದಿನಾ ಒಂದು ಜಗಳ.

ನಮ್ಮ ತಂಡದಲ್ಲಿ ಅರಗಾದ ಕಡೆಯ ಒಬ್ಬ ಹುಡುಗ ಇದ್ದ. ಹೆಸರು ಹಾಕಿದರೆ ಬೈಯುತ್ತಾನೆ, ಬೇಡ. ಮೀನುಗಾರರ ಮನೆಯವನು. ಬೆಳಿಗ್ಗೆ ಅಪ್ಪನ ಜೊತೆ ದೋಣಿ, ಹತ್ತು ಗಂಟೆಗೆ ಕ್ಲಾಸು. ಅವನು ಜಗಳ ಕೇಳಿ ಕೇಳಿ ಬೇಸತ್ತು ಒಂದು ಶನಿವಾರ ನೈಲಾನ್ ದಾರ, ಬಲೆ ಹೆಣೆಯುವ ಮರದ ಸೂಜಿ ತಂದ. ಮೆಟ್ಟಿಲ ಮೇಲೆ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ನಮ್ಮ ಜೊತೆ ಹರಟುತ್ತಲೇ ಎರಡು ಗಂಟೆಯಲ್ಲಿ ಎರಡು ಬಲೆ ಹೆಣೆದ. ಕೈ ನೋಡುತ್ತಲೂ ಇರಲಿಲ್ಲ. ಏಣಿ ಇಟ್ಟು ಹತ್ತಿ ರಿಂಗಿನ 12 ಕೊಂಡಿಗೂ ಗಂಟು ಹಾಕಿದ.

ಮೊದಲ ಚೆಂಡು ಹಾಕಿದ್ದು ನಾನು. ಒಳಗೆ ಹೋಯಿತು. ಕೆಳಗೆ ಬರಲಿಲ್ಲ.

ಅವನ ಕೈಗೆ ಗೊತ್ತಿದ್ದದ್ದು ಒಳಗೆ ಹೋದದ್ದನ್ನು ಹೊರಗೆ ಬಿಡದ ಬಲೆ. ಅಭ್ಯಾಸದ ಮೇಲೆ ಕೆಳಗೆ ಬಿಗಿಯಾಗಿ ಹೆಣೆದಿದ್ದ. ಚೆಂಡು ಮರದ ಹಣ್ಣಿನ ಹಾಗೆ ನೇತಾಡುತ್ತಿತ್ತು. ಮೆಟ್ಟಿಲ ಮೇಲಿದ್ದವರು ನಕ್ಕು ನಕ್ಕು ಸುಸ್ತಾದರು. ಬಿದಿರು ಕೋಲಿನಿಂದ ಕೆಳಗಿನಿಂದ ತಿವಿದು ಬೀಳಿಸಿದೆವು. ಪಿ.ಡಿ. ಸರ್ ಮಾತ್ರ ನಗಲಿಲ್ಲ. "1891ರಲ್ಲಿ ಈ ಆಟ ಶುರುವಾದಾಗ ಹೀಗೇ ಆಗ್ತಿತ್ತು ಗೊತ್ತಾ? ಪೀಚ್ ಹಣ್ಣಿನ ಬುಟ್ಟಿ ಕಟ್ಟಿದ್ರು, ಅದಕ್ಕೆ ತಳ ಇತ್ತು. ಪ್ರತಿ ಸಲ ಯಾರಾದ್ರೂ ಹತ್ತಿ ಚೆಂಡು ತೆಗೀಬೇಕು" ಅಂದರು. ನಾವು ನಂಬಲಿಲ್ಲ. ಆ ಹುಡುಗನ ಮರ್ಯಾದೆ ಉಳಿಸಲು ಸುಮ್ನೆ ಹೇಳಿದರು ಅಂದುಕೊಂಡೆವು. ಮುಂದಿನ ವಾರ ಅವನು ಕೆಳಗಿನ ಮೂರು ಸಾಲು ಬಿಚ್ಚಿ ಸಡಿಲ ಮಾಡಿಕೊಟ್ಟ. ಆ ಬಲೆ ನಾವು ಕಾಲೇಜು ಬಿಡುವವರೆಗೂ ಇತ್ತು.

ಈಗ ಗಾಳಿಯ ವಿಷಯ.

ಬಾಸ್ಕೆಟ್‌ಬಾಲ್ ಕೋರ್ಟನ್ನು ಬಯಲಿನಲ್ಲಿ ಹಾಕುವಾಗ ಉತ್ತರ-ದಕ್ಷಿಣ ಹಾಕುತ್ತಾರೆ, ಸಂಜೆ ಸೂರ್ಯ ಕಣ್ಣಿಗೆ ಬೀಳದ ಹಾಗೆ. ನಮ್ಮದನ್ನು ಹಾಕಿದ ಪುಣ್ಯಾತ್ಮರು ಪೂರ್ವ-ಪಶ್ಚಿಮ ಹಾಕಿದ್ದರು. ಜಾಗ ಇದ್ದದ್ದೇ ಹಾಗೆ ಅನ್ನಿ. ಪಶ್ಚಿಮದ ಬುಟ್ಟಿಯ ಹಿಂದೆ ಗಾಳಿಮರದ ಸಾಲು, ಅದರಾಚೆ ಸಮುದ್ರ. ಪೂರ್ವದ ಬುಟ್ಟಿಯ ಹಿಂದೆ ಗುಡ್ಡ. ಅದಕ್ಕೇ ಒಂದು ಸಮುದ್ರದ ಬುಟ್ಟಿ, ಇನ್ನೊಂದು ಗುಡ್ಡದ ಬುಟ್ಟಿ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಗಾಳಿ ಏಳುತ್ತದೆ. ಮೂರೂವರೆ, ನಾಲ್ಕಕ್ಕೆ ಜೋರು. ಸೂರ್ಯ ಮುಳುಗಿದ ಮೇಲೆ ನಿಂತುಬಿಡುತ್ತದೆ. ನಮ್ಮ ಪ್ರಾಕ್ಟೀಸ್ ನಾಲ್ಕರಿಂದ ಆರೂವರೆ.

ಸಮುದ್ರದ ಬುಟ್ಟಿಗೆ ಹಾಕಿದ ಚೆಂಡು ಗಾಳಿಗೆ ಎದುರಾಗಿ ಹೋಗಬೇಕು. ಎಂದಿನ ಹಾಗೆ ಹಾಕಿದರೆ ರಿಂಗ್ ಮುಟ್ಟುವ ಮೊದಲೇ ಸೋತು ಬೀಳುತ್ತದೆ. ಗುಡ್ಡದ ಬುಟ್ಟಿಗೆ ಹಾಕಿದ್ದನ್ನು ಹಿಂದಿನಿಂದ ಯಾರೋ ದೂಡಿದ ಹಾಗಾಗುತ್ತದೆ. ಆದ್ದರಿಂದ ಅಲ್ಲಿಗೆ ಒಂದು ಕೈ ಜಾಸ್ತಿ, ಇಲ್ಲಿಗೆ ಒಂದು ಕೈ ಕಮ್ಮಿ. ನನ್ನಂಥವನಿಗೆ ಇದು ಅರ್ಥವಾಗಲು ಒಂದು ವರ್ಷ ಬೇಕಾಯಿತು. ಅಲ್ಲಿಯವರೆಗೆ ನನ್ನ ಕೆಲಸ ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು, ಹಿಡಿಯುವುದು ಮಾತ್ರ. ಅದು ಕಲಿಸದೆಯೇ ಬಂತು. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಹೊತ್ತಿಗೆ, ಮರ ಹತ್ತಿದ ಕೊನೆಗೌಡ ಮೇಲಿಂದ ಬಿಟ್ಟ ಅಡಿಕೆ ಕೊನೆ ನೆಲಕ್ಕೆ ಬಡಿಯುವ ಮೊದಲೇ ಹಿಡಿಯುತ್ತಾ ಬೆಳೆದವನು ನಾನು. ಮೇಲಿಂದ ಬರುವುದು ಎಲ್ಲಿ ಬೀಳುತ್ತದೆ ಅಂತ ಕಾಲಿಗೇ ಗೊತ್ತಿತ್ತು. ಚೆಂಡು ಅಡಿಕೆ ಕೊನೆಗಿಂತ ಎಷ್ಟೋ ಹಗುರ.

ಗಾಳಿಯ ಪಾಠ ಹೇಳಿಕೊಟ್ಟವರು ಕಾಲೇಜಿನವರಲ್ಲ. ಆಗ ಕೊಂಕಣ ರೈಲ್ವೆ ಕೆಲಸ ನಡೆದಿತ್ತು. ಶಿರವಾಡದ ಕಡೆ ಎಲ್ಲಿ ನೋಡಿದರೂ ಕೆಂಪು ಮಣ್ಣಿನ ಲಾರಿಗಳು. ಆ ಕೆಲಸಕ್ಕೆ ಬಂದಿದ್ದ ಒಬ್ಬ ಕೇರಳದ ಎಂಜಿನಿಯರು ಸಂಜೆ ನಮ್ಮ ಕೋರ್ಟಿಗೆ ಬರಲು ಶುರು ಮಾಡಿದರು. ಕಾಲೇಜಿನಲ್ಲಿ ಆಡಿದವರಂತೆ. ಕನ್ನಡ ಇಲ್ಲ, ನಮಗೆ ಮಲಯಾಳಂ ಇಲ್ಲ, ಇಬ್ಬರದ್ದೂ ಹಿಂದಿ ಅಷ್ಟಕ್ಕಷ್ಟೇ. ಮೊದಲ ದಿನ ಅವರು ಹಾಕಿದ ಹತ್ತಕ್ಕೆ ಹತ್ತೂ ಹೊರಗೆ. ಮೆಟ್ಟಿಲ ಮೇಲೆ ಕೂತು ಕೈಯಲ್ಲಿ ಒಣ ಎಲೆ ಹಿಡಿದು ಬಿಡುತ್ತಾ, ಅದು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ನೋಡುತ್ತಾ ಕೂತರು. ಎರಡನೆಯ ವಾರ ಅವರನ್ನು ಹಿಡಿಯುವವರೇ ಇರಲಿಲ್ಲ. ಚೆಂಡನ್ನು ಎತ್ತರಕ್ಕೆ ಎಸೆದು ಗಾಳಿಯ ಕೈಗೆ ಕೊಡಬೇಡಿ, ಚಪ್ಪಟೆಯಾಗಿ ಕಳಿಸಿ, ಆದಷ್ಟು ಬೋರ್ಡಿಗೆ ಬಡಿದು ಹಾಕಿ. ಇಷ್ಟೇ ಅವರ ಪಾಠ. 1998ರ ಜನವರಿ 26ಕ್ಕೆ ಇಡೀ ದಾರಿ ರೈಲಿಗೆ ತೆರೆಯುವ ಹೊತ್ತಿಗೆ ನಾನು ಕಾಲೇಜು ಮುಗಿಸಿದ್ದೆ. ಅವರೂ ಹೋಗಿದ್ದರು. ರೈಲಿನಲ್ಲಿ ಕಾರವಾರ ದಾಟುವಾಗಲೆಲ್ಲ ನನಗೆ ಅವರ ಒಣ ಎಲೆ ನೆನಪಾಗುತ್ತದೆ.

ಬೇರೆ ಕಾಲೇಜಿನವರು ನಮ್ಮಲ್ಲಿಗೆ ಬಂದರೆ ಪಾಪ ಅನ್ನಿಸುತ್ತಿತ್ತು. ಆಗ ಪಂದ್ಯ ಅಂದರೆ 20 ನಿಮಿಷದ ಎರಡು ಅರ್ಧ. ಈಗಿನ 10 ನಿಮಿಷದ ನಾಲ್ಕು ಪಾಲು ಬಂದದ್ದು 2000ದ ನಂತರ. ನಾಲ್ಕೂವರೆಗೆ ಶುರು ಮಾಡಿದರೆ ಎರಡನೆಯ ಅರ್ಧ ಬರುವಾಗ ಸೂರ್ಯ ಸರಿಯಾಗಿ ಸಮುದ್ರದ ಬುಟ್ಟಿಯ ಹಿಂದೆ. ಆ ಹೊತ್ತಿಗೆ ಎದುರಿನವರು ಅಲ್ಲಿಗೆ ಚೆಂಡು ಹಾಕುವ ಹಾಗೆ ಮೊದಲೇ ನೋಡಿಕೊಳ್ಳುತ್ತಿದ್ದೆವು. ಕಣ್ಣಿಗೆ ಕೈ ಅಡ್ಡ ಹಿಡಿದು ಚೆಂಡು ಹುಡುಕುತ್ತಿದ್ದರು. ಮೋಸ ಅಂತೀರಾ? ನಿಯಮದಲ್ಲಿ ಸೂರ್ಯನ ಮಾತು ಎಲ್ಲೂ ಇಲ್ಲ. ಎರಡು ವರ್ಷ ನಮ್ಮ ನೆಲದಲ್ಲಿ ನಾವು ಸೋಲಲಿಲ್ಲ.

ಅದರ ಲೆಕ್ಕ ಧಾರವಾಡದಲ್ಲಿ ಚುಕ್ತಾ ಆಯಿತು.

ನಮ್ಮ ಜಿಲ್ಲೆಯ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿಗೆ ಆಡಲು ಹೋಗುವುದೆಂದರೆ ನಮಗೆ ಒಲಿಂಪಿಕ್ಸ್. 1996ರ ನವೆಂಬರ್. ಹತ್ತು ಹುಡುಗರು, ಪಿ.ಡಿ. ಸರ್, ಎರಡು ಚೆಂಡು. ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತುವಾಗ ತಂಡದ ಅರ್ಧ ಜನ ಕಿಟಕಿಯ ಹೊರಗೆ ತಲೆ ಹಾಕಿದ್ದರು. ಸಮುದ್ರದಲ್ಲಿ ಅಲೆಯ ಮೇಲೆ ಬೆಳೆದ ಅರಗಾದ ಗೆಳೆಯನೂ ಸೇರಿ. ಘಟ್ಟದ ಮೇಲಿನವ ನಾನೊಬ್ಬನೇ ಗಟ್ಟಿಯಾಗಿ ಕೂತು ಶೇಂಗಾ ತಿನ್ನುತ್ತಿದ್ದೆ.

ನಮಗೆ ಇನ್ನೊಂದು ಗುಟ್ಟಿನ ಆಯುಧ ಇತ್ತು. ಕೊಂಕಣಿ. ಕೋರ್ಟಿನಲ್ಲಿ ನಾವು ಕನ್ನಡ ಆಡುತ್ತಲೇ ಇರಲಿಲ್ಲ. 'ಫುಡೆ' ಅಂದರೆ ಮುಂದೆ, 'ಫಾಟಿ' ಅಂದರೆ ಹಿಂದೆ, 'ಹಾಂಗಾ' ಅಂದರೆ ಇಲ್ಲಿ. ಎದುರಿನವರಿಗೆ ತಿಳಿಯಬಾರದಲ್ವಾ? ನಾನೂ ಅಷ್ಟು ಕಲಿತಿದ್ದೆ. ಮೊದಲ ಪಂದ್ಯವೇ ಬೆಳಗಾವಿಯ ಒಂದು ಕಾಲೇಜಿನ ಮೇಲೆ ಬಿತ್ತು. ಆಗ ಬೆಳಗಾವಿಯೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ನಾವು 'ಫುಡೆ' ಅನ್ನುವಷ್ಟರಲ್ಲಿ ಅವರ ಇಬ್ಬರು ಅಲ್ಲಿ ಹೋಗಿ ನಿಂತಿರುತ್ತಿದ್ದರು. ಮರಾಠಿ ಆಡುವ ಹುಡುಗರಿಗೆ ನಮ್ಮ ಗುಟ್ಟಿನ ಭಾಷೆ ಮನೆಮಾತಿನ ತಂಗಿ. ಅದು ಹೊಳೆಯುವಾಗ ಅರ್ಧ ಆಟ ಮುಗಿದಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಗಾಳಿಯದು. ಅವತ್ತು ಧಾರವಾಡದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ನಮ್ಮ ಕೈಗೆ ಅದು ಗೊತ್ತಿಲ್ಲ. ಮೊದಲ ಅರ್ಧದಲ್ಲಿ ಪಶ್ಚಿಮದ ಬುಟ್ಟಿಗೆ ಹಾಕಿದ್ದೆಲ್ಲ ಬೋರ್ಡಿಗೆ ಅಪ್ಪಳಿಸಿ ನಡುಗೆರೆಗೆ ಬಂದು ಬಿತ್ತು. ಎರಡನೆಯ ಅರ್ಧದಲ್ಲಿ ಪೂರ್ವದ ಬುಟ್ಟಿಗೆ ಹಾಕಿದ್ದು ರಿಂಗನ್ನು ಮುಟ್ಟಲೇ ಇಲ್ಲ. ದಿಕ್ಕು ನೋಡಿ ಕೈ ತಾನಾಗಿ ಜಾಸ್ತಿ-ಕಮ್ಮಿ ಮಾಡುತ್ತಿತ್ತು. ಬೇಡ ಅಂದರೂ ಕೇಳುತ್ತಿರಲಿಲ್ಲ. 61ಕ್ಕೆ 28. ನಮ್ಮದು ಯಾವುದು ಅಂತ ಹೇಳಬೇಕಾಗಿಲ್ಲ. ಪಿ.ಡಿ. ಸರ್ ಬೈಯುತ್ತಾರೆ ಅಂತ ಸಾಲಾಗಿ ತಲೆ ತಗ್ಗಿಸಿ ನಿಂತೆವು. ಅವರು ನಮ್ಮನ್ನೊಮ್ಮೆ, ಅಲುಗದ ಮರಗಳನ್ನೊಮ್ಮೆ ನೋಡಿದರು. "ನಡೀರಿ, ಫೇಡೆ ತಗೊಂಡು ಹೋಗೋಣ" ಅಂದರು.

ಆಟ ಬಿಟ್ಟರೆ ಕಾಲೇಜಿನಲ್ಲಿ ಏನು ಮಾಡಿದಿರಿ ಅಂತ ಮಗಳು ಕೇಳುತ್ತಾಳೆ. ಬಿ.ಕಾಂ. ಮಾಡಿದೆ, ಅದು ಅಂಥ ಕಥೆಯೇನಲ್ಲ. ಪ್ರಾಕ್ಟೀಸ್ ಮುಗಿಸಿ ಪಾವ್, ಬಟಾಣಿ ಭಾಜಿ ತಿನ್ನುವುದು. ದುಡ್ಡಿಲ್ಲದ ದಿನ ಒಂದು ಭಾಜಿ, ನಾಲ್ಕು ಜನ, ಎಂಟು ಪಾವ್. ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ಜಾತ್ರೆ ಬಂತೆಂದರೆ ಅರ್ಧ ಕಾಲೇಜು ದೋಣಿಯಲ್ಲಿ. ಮೇಷ್ಟ್ರುಗಳೂ ಅದೇ ದೋಣಿಯಲ್ಲಿ ಸಿಗುತ್ತಿದ್ದರು, ಯಾರೂ ಯಾರನ್ನೂ ನೋಡಲಿಲ್ಲ ಅನ್ನುವ ಹಾಗೆ ಇರಬೇಕು. ಫೆಬ್ರವರಿಯಲ್ಲಿ ಗ್ಯಾದರಿಂಗ್. ನಾಟಕ, ಹಾಡು ಎಲ್ಲ ಇದ್ದರೂ ಜನ ಕಾಯುತ್ತಿದ್ದದ್ದು ಫಿಶ್ ಪಾಂಡಿಗೆ. ಡಬ್ಬಿಯಲ್ಲಿ ಚೀಟಿ ಹಾಕುವುದು, ಅದನ್ನು ಸ್ಟೇಜಿನ ಮೇಲೆ ಓದುವುದು, ಹೆಸರಿದ್ದವನು ಎದ್ದು ನಿಂತು ಮರ್ಯಾದೆ ಕಳೆದುಕೊಳ್ಳುವುದು. ನನಗೆ ಬಂದ ಚೀಟಿ: "ಘಟ್ಟದಿಂದ ಅಡಿಕೆ ದೋಟಿ ಇಳಿದು ಬಂದಿದೆ, ತುದಿಗೆ ಕತ್ತಿ ಕಟ್ಟುವುದು ಮರೆತಿದ್ದಾರೆ." ದೋಟಿ ಅಂದರೆ ಕೊನೆ ಕೊಯ್ಯುವ ಉದ್ದದ ಕೋಲು. ಅಲ್ಲಿಂದ ನಾನು ದೋಟಿ. ಈಗಲೂ ವಾಟ್ಸಾಪ್ ಗುಂಪಿನಲ್ಲಿ ದೋಟಿಯೇ.

ಬರೆದವರು ಯಾರು ಅಂತ ಬಹಳ ದಿನದ ಮೇಲೆ ತಿಳಿಯಿತು. ಹುಡುಗಿಯರ ತಂಡದಲ್ಲಿ ಒಬ್ಬಳಿದ್ದಳು, ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಸೈಕಲ್ಲಿನಲ್ಲಿ ಬರುತ್ತಿದ್ದವಳು. ಆ ಸೇತುವೆಯ ಮೇಲಿನ ಎದುರುಗಾಳಿಗೆ ಸೈಕಲ್ ತುಳಿದವಳಿಗೆ ನಮ್ಮ ಕೋರ್ಟಿನ ಗಾಳಿ ಯಾವ ಲೆಕ್ಕ? ಒಂದು ಸಂಜೆ ಫ್ರೀ ಥ್ರೋ ಪಂದ್ಯ ಕಟ್ಟಿದೆವು. ಸಮುದ್ರದ ಬುಟ್ಟಿ, ಹತ್ತು ಹತ್ತು ಚೆಂಡು. ನಾನು ನಾಲ್ಕು. ಅವಳು ಎರಡು ಕೈಯಲ್ಲಿ ಸೊಂಟದ ಕೆಳಗಿನಿಂದ ಎತ್ತಿ, ಬಾವಿಯಿಂದ ಕೊಡ ಎತ್ತುವ ಹಾಗೆ, ಒಂಬತ್ತು. "ಕತ್ತಿ ಇಲ್ದೆ ಬರೀ ದೋಟಿ ಇದ್ರೆ ಕೊನೆ ಬೀಳ್ತದಾ?" ಅಂದಳು. ಚೀಟಿಯ ಅಕ್ಷರ ಯಾರದು ಅಂತ ಆಗ ಹೊಳೆಯಿತು. 2024ರ ಆಗಸ್ಟ್ 7ರ ನಡುರಾತ್ರಿ ಆ ಹಳೆಯ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು. ಅದೃಷ್ಟಕ್ಕೆ ಚಾಲಕ ಬದುಕಿದ. ಬೆಳಗಾಗುವಾಗ ಗುಂಪಿನಲ್ಲಿ ಅವಳದೊಂದೇ ಸಾಲು ಇತ್ತು: "ನನ್ನ ಸೈಕಲ್ ದಾರಿ ಹೋಯ್ತು."

ಮೂರು ವರ್ಷದ ಹಿಂದೆ ಮಗಳು ಓದುತ್ತಿದ್ದ ಊರಿಗೆ ಹೋಗಿದ್ದೆವು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್. ಸಣ್ಣ ಊರು, ದೊಡ್ಡ ವಿಶ್ವವಿದ್ಯಾಲಯ. ಅಲ್ಲಿಯ ಬಾಸ್ಕೆಟ್‌ಬಾಲ್ ಅಂಗಣದ ಹೆಸರು ಆಲನ್ ಫೀಲ್ಡ್‌ಹೌಸ್. 1955ರಲ್ಲಿ ಕಟ್ಟಿದ್ದು, ನಾವು ಹೋದಾಗ 16,300 ಜನ ಕೂರಬಹುದಿತ್ತು. ಕಾಲೇಜು ಹುಡುಗರ ಆಟಕ್ಕೆ! ನಾವು ಹೋದಾಗ ರಜೆ, ಒಳಗೆ ಯಾರೂ ಇಲ್ಲ. ಮರದ ನೆಲ ಕನ್ನಡಿಯ ಹಾಗೆ. ಆ ನೆಲಕ್ಕೆ ಜೇಮ್ಸ್ ನೈಸ್ಮಿತ್ ಅವರ ಹೆಸರಿಟ್ಟಿದ್ದಾರೆ. ಈ ಆಟ ಹುಟ್ಟಿಸಿದವರು ಅವರೇ. 1898ರಲ್ಲಿ ಈ ವಿಶ್ವವಿದ್ಯಾಲಯಕ್ಕೆ ಬಂದು ಇಲ್ಲಿಯ ಮೊದಲ ಕೋಚ್ ಆದರು. ತಮಾಷೆ ಅಂದರೆ, ಇಲ್ಲಿಯ ಕೋಚುಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ಇರುವವರು ಅವರೊಬ್ಬರೇ. 55 ಗೆಲುವು, 60 ಸೋಲು. ಇದನ್ನು ಓದಿದಾಗ ಪಿ.ಡಿ. ಸರ್ ನೆನಪಾಗಿ ಮನಸ್ಸಿಗೆ ಬಹಳ ಹಿತವಾಯಿತು.

ಪಕ್ಕದ ಕಟ್ಟಡದಲ್ಲಿ ಅವರು ಮೊದಲು ಬರೆದ 13 ನಿಯಮಗಳ ಮೂಲ ಹಾಳೆಗಳನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ಎರಡೇ ಹಾಳೆ. 2010ರಲ್ಲಿ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಹೋದವಂತೆ. ಮಗಳು ಪೀಚ್ ಬುಟ್ಟಿಯ ಕಥೆ ಹೇಳತೊಡಗಿದಳು. ಸ್ಪ್ರಿಂಗ್‌ಫೀಲ್ಡ್ ಅನ್ನುವ ಊರಿನ ವ್ಯಾಯಾಮಶಾಲೆ. ಬಾಲ್ಕನಿಯ ಕಟಕಟೆ 10 ಅಡಿ ಎತ್ತರದಲ್ಲಿತ್ತು, ಬುಟ್ಟಿಯನ್ನು ಅದಕ್ಕೇ ಹೊಡೆದರು, ಅದೇ ಎತ್ತರ ಇವತ್ತಿಗೂ ಉಳಿಯಿತು. ಬುಟ್ಟಿಗೆ ತಳ ಇದ್ದದ್ದರಿಂದ ಚೆಂಡು ಒಳಗೇ ಕೂರುತ್ತಿತ್ತು. ನಾನು ಗಾಜಿನ ಮುಂದೆ ನಿಂತು ಜೋರಾಗಿ ನಕ್ಕುಬಿಟ್ಟೆ. ಕಾವಲಿನವರು ತಿರುಗಿ ನೋಡಿದರು. ಪಿ.ಡಿ. ಸರ್ ಸುಳ್ಳು ಹೇಳಿರಲಿಲ್ಲ. ಅರಗಾದ ಗೆಳೆಯನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವನಿಗೆ ಆಗ ರಾತ್ರಿ ಎರಡು ಗಂಟೆ. "ಎಂತಾ ಮಾರಾಯಾ, ಯಾರಾದ್ರೂ ಸತ್ರಾ?" ಅಂದ.

ಅವನ ಊರು ಈಗ ಇಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲೇ ಅಡಿಗಲ್ಲು ಬಿದ್ದಿತ್ತು. ಇವತ್ತು ಏಳಬೇಕು, ನಾಳೆ ಏಳಬೇಕು ಅನ್ನುವ ಮಾತು ನಮ್ಮ ಕಾಲೇಜು ದಿನಗಳ ಉದ್ದಕ್ಕೂ ಅವರ ಮನೆಯಲ್ಲಿತ್ತು. ಕೊನೆಗೂ ಎದ್ದರು. 2005ರಲ್ಲಿ ಆ ನೆಲೆ ಐ.ಎನ್.ಎಸ್. ಕದಂಬ ಅನ್ನುವ ಹೆಸರಿನಲ್ಲಿ ಶುರುವಾಯಿತು. ಅವನು ಈಗ ಬೈತಖೋಲದಲ್ಲಿ ಬೋಟು, ಬಲೆಯ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಊರಿನ ವಿಷಯ ಜಾಸ್ತಿ ಮಾತಾಡುವುದಿಲ್ಲ. ಒಮ್ಮೆ ಮಾತ್ರ ಅಂದ, "ಬೇಲಿಯ ಆಚೆ ನಮ್ಮ ಬಾವಿ ಇನ್ನೂ ಇದ್ಯೋ ಏನೋ."

ಡಿಸೆಂಬರಿನ ಎರಡನೆಯ ಶನಿವಾರ ಬ್ಯಾಂಕಿಗೆ ರಜೆ. ಹೊಸ ಮಾಡು ನೋಡಲು ಹೋದೆ. ಫೋನ್ ಮಾಡಿದ್ದ ಮೇಡಂ ಚಹಾ ಕೊಟ್ಟರು. ನಮ್ಮ ತಂಡದ ಐದು ಜನ ಸೇರಿದ್ದೆವು. ಇಬ್ಬರಿಗೆ ಮೊಣಕಾಲಿಗೆ ಪಟ್ಟಿ, ಒಬ್ಬನಿಗೆ ಎದೆಯಲ್ಲಿ ಸ್ಟೆಂಟು. ಸೈಕಲ್ಲಿನವಳು ಗೋವಾದಿಂದ ಬಂದಿದ್ದಳು, ಈಗ ಕಾರಿದೆ. ಮಾಡು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ನೀಲಿ ಶೀಟು, ದಪ್ಪ ಕಂಬ, ದೀಪ. ನೆಲಕ್ಕೆ ಜಾರದ ಬಣ್ಣ. ಪಾಚಿ ಕೆರೆಯುವ ಕೆಲಸ ಇನ್ನು ಯಾರಿಗೂ ಇಲ್ಲ. ಈಗಿನ ಹುಡುಗರು ವರ್ಷಪೂರ್ತಿ ಆಡುತ್ತಾರೆ, ಧಾರವಾಡಕ್ಕೆ ಹೋದರೆ ನಮ್ಮ ಹಾಗೆ ನಗೆಪಾಟಲಾಗುವುದಿಲ್ಲ. ಚಿರೇಕಲ್ಲಿನ ಮೆಟ್ಟಿಲಿಗೆ ಮಾತ್ರ ಸಿಮೆಂಟು ಬಳಿದಿದ್ದಾರೆ. ಬಿಳಿ ಪ್ಯಾಂಟ್ ಹಾಕಿಕೊಂಡು ಕೂತೆ, ಏಳುವಾಗ ಹಿಂದೆ ತಿರುಗಿ ನೋಡಿಕೊಂಡೆ. ಏನೂ ಇಲ್ಲ.

ಸಂಜೆ ನಾಲ್ಕೂವರೆ. ಶೀಟಿನ ಆಚೆ ಗಾಳಿಮರ ಹುಯ್ಯೋ ಅನ್ನುತ್ತಿತ್ತು. ಒಳಗೆ ನನ್ನ ತಲೆಯ ಮೇಲೆ ಉಳಿದಿರುವ ನಾಲ್ಕು ಕೂದಲೂ ಅಲುಗಲಿಲ್ಲ. ಹುಡುಗರು ಚೆಂಡು ಕೊಟ್ಟರು. ಸಮುದ್ರದ ಬುಟ್ಟಿಗೆ ಫ್ರೀ ಥ್ರೋ ಗೆರೆಯಿಂದ ಹಾಕಿದೆ. ಬೋರ್ಡಿನ ಮೇಲಿಂದ ಹಾರಿ ಶೀಟಿಗೆ ಬಡಿದು ಢಣ್ ಅಂತು.

"ಜೋರಾಯ್ತು ಅಂಕಲ್" ಅಂದ ಒಬ್ಬ ಹುಡುಗ.

"ಅವ ಗಾಳಿಗೆ ಹಾಕಿದ್ದು" ಅಂದಳು ಸೈಕಲ್ಲಿನವಳು. ಹುಡುಗನಿಗೆ ಅರ್ಥವಾಗಲಿಲ್ಲ.

ಅರಗಾದ ಗೆಳೆಯ ಅಷ್ಟು ಹೊತ್ತೂ ರಿಂಗನ್ನೇ ನೋಡುತ್ತಾ ನಿಂತಿದ್ದ. ಅಂಗಡಿಯಿಂದ ತಂದ ಬಿಳಿ ಬಲೆ ಎರಡು ಕಡೆ ಹರಿದಿತ್ತು. ಏಣಿ ಇದ್ಯಾ ಅಂತ ಕೇಳಿದ. ಕೈಚೀಲದಿಂದ ಹಸಿರು ನೈಲಾನ್ ಬಲೆ ತೆಗೆದ. ಮನೆಯಲ್ಲೇ ಹೆಣೆದುಕೊಂಡು ಬಂದಿದ್ದ, ನಮಗ್ಯಾರಿಗೂ ಹೇಳಿರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವನು ಅವನೇ. ಬೇಡ ಅಂದರೂ ಹತ್ತಿದ. ನಾನು ಏಣಿ ಹಿಡಿದುಕೊಂಡೆ. 12 ಗಂಟು ಹಾಕುವಾಗ ಕೆಳಗೆ ಹುಡುಗರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಕೆಳಗಿಳಿದು, ಉಸಿರು ಹಿಡಿದು, ಚೆಂಡನ್ನು ಸೈಕಲ್ಲಿನವಳ ಕೈಗೆ ಕೊಟ್ಟ.

ಅವಳು ಸೆರಗು ಸಿಕ್ಕಿಸಿಕೊಂಡು, ಎರಡು ಕೈಯಲ್ಲಿ, ಬಾವಿಯಿಂದ ಕೊಡ ಎತ್ತುವ ಹಾಗೆ ಎತ್ತಿದಳು. ಒಳಗೆ ಹೋಯಿತು. ಬಲೆಯಲ್ಲಿ ಒಂದು ಗಳಿಗೆ ನಿಂತ ಹಾಗಾಗಿ, ಆಮೇಲೆ ಜಾರಿ ಬಿತ್ತು.

"ಈ ಸಲ ಮೂರು ಸಾಲು ಮೊದಲೇ ಸಡಿಲ ಬಿಟ್ಟಿದ್ದೆ" ಅಂದ.